ಗುರುವಾರದ ಲಾರಿ

ಜೂನ್ ೩, ಸೋಮವಾರ

ಇವತ್ತು ಉಪವಾಸ. ಐದಕ್ಕೆ ಎದ್ದೆ. ಕೋಣೆ ಗುಡಿಸಿ ಒರೆಸಿ, ಹಿತ್ತಲ ನಲ್ಲಿಯಿಂದ ಎರಡು ಕೊಡ ನೀರು ತಂದು, ಸ್ನಾನ ಮಾಡಿ ದೀಪ ಹಚ್ಚಿದೆ. ಹಾಲು ಕಾಯಿಸಿ ಸಂಜೆಗೆ ಅಂತ ಮುಚ್ಚಿಟ್ಟೆ. ದೇವರ ಪಟ ಪೆಟ್ಟಿಗೆಯ ಮೇಲೆಯೇ ಕೂತಿದೆ. ಹದಿನೈದು ದಿನದ ಮಾತಿಗೆ ಬಾಡಿಗೆ ಗೋಡೆಗೆ ಮೊಳೆ ಹೊಡೆಯುವುದು ಯಾಕೆ. ದೇವರಿಗೂ ನಮ್ಮ ಜೊತೆ ಅಲೆದು ಅಭ್ಯಾಸ ಆಗಿದೆ.

ಈ ಪುಸ್ತಕ ನಿನ್ನೆ ಕೊಂಡೆ. ಏಳನೇ ಕ್ಲಾಸಿಗೆ ಶಾಲೆ ಬಿಟ್ಟ ಮೇಲೆ ಕಾಗದ ಬಿಟ್ಟು ಬೇರೇನೂ ಬರೆದವಳಲ್ಲ. ಆದರೆ ಸಂಜೆ ಇವರು ಕೆಲಸದಿಂದ ಬಂದು ಬೂಟು ಬಿಚ್ಚುವಾಗ ಆ ದಿನದ್ದೆಲ್ಲ ಹೇಳುವುದು ನನಗೆ ಇಪ್ಪತ್ತೆಂಟು ವರ್ಷದ ರೂಢಿ. ಇವರು ಹ್ಞೂ ಹ್ಞೂ ಅನ್ನುತ್ತಿದ್ದರು. ಕೇಳುತ್ತಿದ್ದರೋ ಇಲ್ಲವೋ ದೇವರೇ ಬಲ್ಲ. ಈಗ ಹ್ಞೂ ಅನ್ನುವವರೂ ಇಲ್ಲ. ಹೇಳದಿದ್ದರೆ ನನಗೆ ಹೊಟ್ಟೆ ಉಬ್ಬುತ್ತದೆ.

ಇವರು ಸೇತುವೆ ಕಟ್ಟುವ ಕಂಪನಿಯಲ್ಲಿ ಕಂಬಿ ಕಟ್ಟುವ ಮೇಸ್ತ್ರಿ. ಒಂದು ಸೇತುವೆ ಮುಗಿಯಿತು ಅಂದರೆ ಕ್ಯಾಂಪು ಕಿತ್ತು ಮುಂದಿನದಕ್ಕೆ. ಇದು ನಮ್ಮ ಹತ್ತೊಂಬತ್ತನೆಯದು. ಈ ಸಲದ್ದು ಬೆಟ್ಟದ ಸಂದಿಯಲ್ಲಂತೆ, ಫೋನು ಹತ್ತುವುದಿಲ್ಲ, ಸಂಸಾರಸ್ಥರಿಗೆ ಕೋಣೆ ಇನ್ನೂ ಎದ್ದಿಲ್ಲ. "ಹದಿನೈದು ದಿನ ಇಲ್ಲಿರು. ಕೋಣೆ ಸಿಕ್ಕಿದ ತಕ್ಷಣ ಕರೆಸಿಕೊಳ್ತೀನಿ" ಅಂದು ಈ ಊರಲ್ಲಿ, ಟೈಲರ್ ಮನೆಯ ಹಿಂದಿನ ಕೋಣೆಯಲ್ಲಿ ನನ್ನನ್ನು ಇಳಿಸಿ ಹೋದರು. ಯಾಕೆ ಈ ಊರು ಅಂದರೆ ಕಂಪನಿಯ ಸಿಮೆಂಟು ಡಿಪೋ ಇಲ್ಲಿದೆ. ಪ್ರತಿ ಬುಧವಾರ ರಾತ್ರಿ ಕ್ಯಾಂಪಿನಿಂದ ಲಾರಿ ಬರುತ್ತದೆ, ಗುರುವಾರ ಬೆಳಿಗ್ಗೆ ಎಂಟಕ್ಕೆ ತುಂಬಿಕೊಂಡು ಹೋಗುತ್ತದೆ. ನಮ್ಮ ಕಾಗದ ಹೋಗುವುದು ಬರುವುದು ಆ ಲಾರಿಯಲ್ಲೇ.

ದೇವರೇ, ಕೋಣೆ ಬೇಗ ಏಳಲಿ.

ಜೂನ್ ೬, ಗುರುವಾರ

ಆರೂವರೆಗೇ ಡಿಪೋ ಗೇಟಿನ ಹತ್ತಿರ ಹೋಗಿ ನಿಂತೆ. ಡ್ರೈವರಿಗೆ ಕಿವಿಯವರೆಗೂ ಮೀಸೆ. ನನ್ನನ್ನು ನೋಡಿ, "ಕಂಬಿ ಮೇಸ್ತ್ರಿ ಮನೆಯವರಾ? ಅತ್ತಿಗೆ, ತಗೊಳ್ಳಿ ಪ್ರೇಮಪತ್ರ" ಅಂತ ನಾಲ್ಕು ಮಡಿಕೆ ಮಾಡಿದ ಚೀಟಿ ಕೊಟ್ಟ. ಗೇಟಿನವನು ಹಲ್ಲು ಕಿರಿದ. ಐವತ್ತು ವರ್ಷದವಳಿಗೆ ಮುಖ ಬಿಸಿಯಾಯಿತು ಅಂದರೆ ಏನು ಹೇಳುವುದು.

ಪ್ರೇಮಪತ್ರ ಇಷ್ಟು: "ಆರಾಮ. ಕೋಣೆ ಇನ್ನೂ ಇಲ್ಲ. ಊಟ ಬಿಡಬೇಡ." ಆರು ಪದ. ಆರು ಸಲ ಓದಿದೆ.

ಜೂನ್ ೧೧, ಮಂಗಳವಾರ

ಸುಮ್ಮನೆ ಕೂತರೆ ಗೋಡೆ ಹತ್ತಿರ ಹತ್ತಿರ ಬಂದ ಹಾಗಾಗುತ್ತದೆ. ಟೈಲರ್ ಹೆಂಡತಿಯನ್ನು "ನಿಮ್ಮ ಅಂಗಡಿಯಲ್ಲಿ ಏನಾದರೂ ಕೈಕೆಲಸ ಇದ್ದರೆ ಕೊಡಿ" ಅಂತ ಕೇಳಿದೆ. ಶಾಲೆ ಶುರುವಾಗುವ ಹೊತ್ತು, ಅವರಿಗೆ ಉಸಿರಾಡಲು ಬಿಡುವಿಲ್ಲ. ಒಂದು ಗೋಣಿಚೀಲದ ತುಂಬ ಮಕ್ಕಳ ಅಂಗಿ ತಂದು ಸುರಿದರು. ಗುಂಡಿ ಹಚ್ಚುವುದು, ಕಾಜ ತೆಗೆಯುವುದು.

"ಎಷ್ಟು ದಿನ ಇರ್ತೀರಿ ಅಕ್ಕಾ?" ಅಂತ ಕೇಳಿದರು.

"ಇವತ್ತೋ ನಾಳೆಯೋ ಹೋಗುವವಳು" ಅಂದೆ.

ಸಣ್ಣ ಸಣ್ಣ ಅಂಗಿ. ಒಂದೊಂದು ಗುಂಡಿ ಹಚ್ಚುವಾಗಲೂ ಯಾವ ಮಗುವಿನ ಎದೆಯ ಮೇಲೆ ಕೂರುತ್ತದೋ ಅನ್ನಿಸುತ್ತದೆ. ನಮಗೆ ಆ ಭಾಗ್ಯ ಬರಲಿಲ್ಲ. ಕ್ಯಾಂಪಿನ ಹೆಂಗಸರು "ನಿನಗೇನಮ್ಮ, ಗಂಟು ಕಟ್ಟೋದು ಸಲೀಸು" ಅನ್ನುತ್ತಿದ್ದರು. ಕೆಟ್ಟ ಮನಸ್ಸಿನಿಂದ ಅಂದದ್ದಲ್ಲ. ಆದರೂ ಪ್ರತಿ ಸಲ ಗಂಟು ಕಟ್ಟುವಾಗ ನೆನಪಿಗೆ ಬರುತ್ತದೆ.

ಜೂನ್ ೧೩, ಗುರುವಾರ

"ಆರಾಮ. ಕೋಣೆ ಇನ್ನೂ ಇಲ್ಲ."

ಊಟದ ಮಾತು ಈ ಸಲ ಬಿಟ್ಟಿದ್ದಾರೆ. ಅವಸರ ಇತ್ತೋ ಏನೋ.

ಜೂನ್ ೨೦, ಗುರುವಾರ

ಅಂಗಿ ಎಲ್ಲ ಮುಗಿಯಿತು. ಟೈಲರ್ ಹೆಂಡತಿ ನನಗೆ ಇನ್ನೊಂದು ಕೆಲಸ ಹುಡುಕಿಟ್ಟಿದ್ದಾರೆ. ಎದುರು ಬೀದಿಯ ಒಬ್ಬ ಅಜ್ಜಿ ಬಿದ್ದು ಸೊಂಟ ಮುರಿದುಕೊಂಡಿದ್ದಾರೆ. ಅವರ ಸೊಸೆ ಕಚೇರಿಗೆ ಹೋದಾಗ ನೋಡಿಕೊಳ್ಳುವವರು ಬೇಕು, ಗೊತ್ತು ಮಾಡಿದ ನರ್ಸು ಬರುವವರೆಗೆ, ಹತ್ತು ದಿನ.

ಅಜ್ಜಿಗೆ ಸೊಂಟ ಮುರಿದಿದೆ, ನಾಲಿಗೆ ಗಟ್ಟಿಯಾಗಿದೆ. ಮೊದಲ ಮಾತೇ, "ನಿನ್ನ ಗಂಡ ಎಲ್ಲಮ್ಮಾ?"

"ಕೆಲಸದ ಮೇಲೆ ಹೋಗಿದ್ದಾರೆ ಅಜ್ಜಿ."

"ಪುಣ್ಯವಂತೆ. ನನ್ನವರು ಬರೀ ಮೇಲೆ ಹೋದರು."

ನಕ್ಕರೆ ಪಾಪ ಅಂತ ತುಟಿ ಕಚ್ಚಿಕೊಂಡೆ. ಅವರೇ ಮೊದಲು ನಕ್ಕರು. ನಕ್ಕಿದ್ದಕ್ಕೆ ಸೊಂಟ ಹಿಡಿದುಕೊಂಡು ನನ್ನನ್ನೇ ಬೈದರು.

ಬೆಳಿಗ್ಗೆ ಡಿಪೋಗೆ ಹೋಗಿದ್ದೆ. ಕಾಗದ ಇತ್ತು. ಅದೇ.

ಜೂನ್ ೨೭, ಗುರುವಾರ

ಲಾರಿ ಬಂತು. ಕಾಗದ ಇಲ್ಲ.

ಜುಲೈ ೧, ಸೋಮವಾರ

ಉಪವಾಸ. ಉಪವಾಸದ ದಿನ ಸುಳ್ಳು ಹೇಳಿದೆ.

ನಾಳೆಯಿಂದ ನರ್ಸು ಬರುತ್ತಾಳೆ. ಸಂಜೆ ಹೊರಡುವಾಗ ಅಜ್ಜಿ ನನ್ನ ಕೈ ಹಿಡಿದುಕೊಂಡರು. ದಿನಾ ಮಧ್ಯಾಹ್ನ ಅವರಿಗೆ ದೇವರ ನಾಮ ಹೇಳುತ್ತಿದ್ದೆ, ಅದರ ಮಧ್ಯೆಯೇ ಅವರು ಗೊರಕೆ ಹೊಡೆಯುತ್ತಿದ್ದರು, ನಿಲ್ಲಿಸಿದರೆ ಕಣ್ಣು ಬಿಟ್ಟು "ಮುಗಿಸು, ದೇವರನ್ನ ಅರ್ಧದಲ್ಲಿ ನಿಲ್ಲಿಸಬಾರದು" ಅನ್ನುತ್ತಿದ್ದರು.

"ನಾಳೆ ಬರ್ತೀಯಲ್ಲ?"

"ಬರ್ತೀನಿ ಅಜ್ಜಿ."

ದಾರಿ ಉದ್ದಕ್ಕೂ ದೇವರಲ್ಲಿ ಕ್ಷಮೆ ಕೇಳಿಕೊಂಡು ಬಂದೆ. ಕ್ಯಾಂಪಿನಿಂದ ಕ್ಯಾಂಪಿಗೆ ಹೋಗುವಾಗ ಪಕ್ಕದ ಮನೆಯವರಿಗೆಲ್ಲ ಹೀಗೆಯೇ "ಬರ್ತೀನಿ" ಅಂದು ಬಂದವಳು ನಾನು. ಒಂದು ಕಡೆಗೂ ಮತ್ತೆ ಹೋಗಿಲ್ಲ. ಆಗ ಇಷ್ಟು ಚುಚ್ಚಿರಲಿಲ್ಲ. ಪಕ್ಕದಲ್ಲಿ ಇವರಿರುತ್ತಿದ್ದರು.

ಜುಲೈ ೪, ಗುರುವಾರ

"ಆರಾಮ. ಇನ್ನೂ ಎರಡು ವಾರ ಅಂತಾರೆ. ನೀನು ಬರೆದದ್ದೆಲ್ಲ ಓದಿದೆ."

ಎಲ್ಲ ಓದಿದರಂತೆ! ನಾನು ಪ್ರತಿ ಸಲ ನಾಲ್ಕು ಪುಟ ಬರೆಯುತ್ತೇನೆ. ಅಂದರೆ ಅಲ್ಲಿ ಕೂತು ಹ್ಞೂ ಅಂದಿದ್ದಾರೆ. ಚೀಟಿಯನ್ನು ಮೂಗಿಗೆ ಹಿಡಿದೆ. ಬರೀ ಸಿಮೆಂಟಿನ ವಾಸನೆ. ಇವರದ್ದೂ ಅದೇ ವಾಸನೆ ಅಲ್ಲವೇ, ಸಾಕು ಅಂದುಕೊಂಡೆ.

ಜುಲೈ ೮, ಸೋಮವಾರ

ಉಪವಾಸ. ಇವತ್ತಿನಿಂದ ಲಾಂಡ್ರಿ ಕೆಲಸ. ಅಲ್ಲಿ ಬಟ್ಟೆ ಬೇರೆ ಮಾಡುವವಳು ಬಾಣಂತನಕ್ಕೆ ಹೋಗಿದ್ದಾಳೆ, ಅವಳು ಬರುವವರೆಗೆ. ಊರಿನ ಮೂರು ಲಾಡ್ಜುಗಳ ಬಟ್ಟೆ ಅಲ್ಲಿಗೇ ಬರುತ್ತದೆ. ಒಳಗೆ ಹೋದರೆ ಹಬೆ, ಎರಡು ದೊಡ್ಡ ಯಂತ್ರಗಳ ಗುಡುಗು, ಮಾತು ಕೇಳಿಸಬೇಕಾದರೆ ಕಿರುಚಬೇಕು. ಯಜಮಾನಿ ನನಗಿಂತ ಹತ್ತು ವರ್ಷ ಚಿಕ್ಕವಳು, ಗಂಟಲು ಮಾತ್ರ ದೊಡ್ಡದು. ಮನೆಯಲ್ಲೂ ಹೀಗೇ ಕಿರುಚುತ್ತಾಳಂತೆ, ಅವಳ ಗಂಡನೇ ಹೇಳಿದ, ಅದೂ ಪಿಸುಮಾತಿನಲ್ಲಿ.

ನನ್ನ ಕೆಲಸ ಒಗೆದು ಬಂದ ಬೆಡ್‌ಶೀಟುಗಳನ್ನು ಬೆಳಕಿಗೆ ಹಿಡಿದು ನೋಡುವುದು. ಗಟ್ಟಿ ಇದ್ದದ್ದು ಇಸ್ತ್ರಿಗೆ. ನಡು ಸವೆದದ್ದು ಪಕ್ಕಕ್ಕೆ. ಪಕ್ಕಕ್ಕೆ ಹಾಕಿದ್ದನ್ನು ಲಾಡ್ಜಿನವರು ಚಿಂದಿಯವನಿಗೆ ಕೊಟ್ಟುಬಿಡುತ್ತಾರಂತೆ. ಅಂಚೆಲ್ಲ ಹೊಸದರ ಹಾಗಿದೆ, ನಡುವೆ ಮಾತ್ರ ತೆಳ್ಳಗಾಗಿದೆ.

ಜುಲೈ ೧೪, ಭಾನುವಾರ

ಅಜ್ಜಿಯ ಮನೆಗೆ ಹೋಗಿ ಬಂದೆ. "ಹದಿಮೂರು ದಿನಕ್ಕೆ ನಾಳೆ ಆಯ್ತಾ ನಿನಗೆ?" ಅಂತ ಮುಖ ಆ ಕಡೆ ತಿರುಗಿಸಿದರು. ಆಮೇಲೆ ಹಾಸಿಗೆಯ ಮೇಲೇ ಸರಿದು ಕೂರಲು ಜಾಗ ಮಾಡಿದರು. ನರ್ಸು ಒಳ್ಳೆಯವಳೇ, ಆದರೆ ದೇವರ ನಾಮ ಬರುವುದಿಲ್ಲವಂತೆ.

ಮನೆಗೆ ಬಂದು ಮೊಳೆ ಹೊಡೆದು ದೇವರ ಪಟ ತೂಗುಹಾಕಿದೆ. ಪೆಟ್ಟಿಗೆಯ ಮೇಲೆ ಇಟ್ಟರೆ ಪ್ರತಿ ಸಲ ಸೀರೆ ತೆಗೆಯಲು ಅವರನ್ನು ಎಬ್ಬಿಸಬೇಕಾಗುತ್ತದೆ.

ಜುಲೈ ೧೭, ಬುಧವಾರ

ದೊಡ್ಡ ತಪ್ಪು ಮಾಡಿದ್ದೇನೆ.

ನಾವು ಕ್ಯಾಂಪಿನ ಹೆಂಗಸರು ಹಾಸುವ ಬಟ್ಟೆ ನಡು ಸವೆದರೆ ಬಿಸಾಡುವುದಿಲ್ಲ. ಉದ್ದಕ್ಕೆ ಎರಡು ಸೀಳು ಮಾಡಿ, ಗಟ್ಟಿ ಅಂಚುಗಳನ್ನು ಒಳಗೆ ತಂದು ಹೊಲಿದುಬಿಟ್ಟರೆ ಸವೆದದ್ದು ಬದಿಗೆ ಹೋಗುತ್ತದೆ, ಇನ್ನೂ ಮೂರು ವರ್ಷ ಮಲಗಬಹುದು. ಇದನ್ನು ಯಾರೂ ಹೇಳಿಕೊಡಬೇಕಿಲ್ಲ. ನಾನು ಕಳೆದ ವಾರ ದಿನಾ ಕೆಲಸ ಮುಗಿದ ಮೇಲೆ ಒಂದು ಗಂಟೆ ಕೂತು ಲಾಂಡ್ರಿಯ ಹಳೇ ಮಷೀನಿನಲ್ಲಿ ಇಪ್ಪತ್ತೆರಡು ಬೆಡ್‌ಶೀಟು ಹಾಗೆ ಹೊಲಿದು ಗಟ್ಟಿ ರಾಶಿಗೆ ಸೇರಿಸಿದ್ದೆ. ಹೇಳಿದರೆ ಹೆಚ್ಚುಗಾರಿಕೆ ಅಂದುಕೊಂಡಾರು ಅಂತ ಹೇಳಿರಲಿಲ್ಲ.

ಇವತ್ತು ಬೆಳಿಗ್ಗೆ ದೊಡ್ಡ ಲಾಡ್ಜಿನ ಮ್ಯಾನೇಜರು ಒಂದು ಬೆಡ್‌ಶೀಟನ್ನು ಬಾವುಟದ ಹಾಗೆ ಹಿಡಿದುಕೊಂಡು ಬಂದ.

"ಇದೇನ್ರೀ ಇದು? ಮಂಚದ ನಡುವೆ ಗಡಿ ಹಾಕಿದ್ದೀರಾ? ರೂಮ್ ಏಳರಲ್ಲಿ ಹೊಸದಾಗಿ ಮದುವೆಯಾದವರು! ಬೆಳಿಗ್ಗೆ ಆ ಹುಡುಗಿ ಕೇಳ್ತಾಳೆ, ಇದು ನಿಮ್ಮ ಲಾಡ್ಜಿನ ನಿಯಮವಾ ಅಂತ."

ಇಸ್ತ್ರಿಯವಳು ನಕ್ಕು ನಕ್ಕು ಇಸ್ತ್ರಿಪೆಟ್ಟಿಗೆ ಬಟ್ಟೆಯ ಮೇಲೆಯೇ ಮರೆತಳು, ಒಂದು ದಿಂಬಿನ ಚೀಲ ಸುಟ್ಟಿತು. ಮ್ಯಾನೇಜರು ನಿಲ್ಲಿಸಲಿಲ್ಲ. "ಇನ್ನೊಬ್ಬ ಮುದುಕ ಬನಿಯನ್ ಎತ್ತಿ ಬೆನ್ನು ತೋರಿಸಿದ. ಸ್ಕೇಲ್ ಇಟ್ಟು ಎಳೆದ ಹಾಗೆ ಗೆರೆ!"

ಯಜಮಾನಿ ನನ್ನ ಕಡೆ ನೋಡಿದಳು. "ನಾನೇ ಮಾಡಿದ್ದು" ಅಂದೆ. "ಬಿಸಾಡುವುದು ನೋಡೋಕೆ ಆಗಲಿಲ್ಲ."

"ಪಕ್ಕಕ್ಕೆ ಹಾಕಿ ಅಂತಲ್ಲವಾ ಹೇಳಿದ್ದು?"

"ಹೌದು. ಕೇಳಿಸಿತ್ತು."

ನಾಳೆಯಿಂದ ಬರಬೇಡ ಅನ್ನುತ್ತಾಳೆ ಅಂತ ಚಪ್ಪಲಿ ಕಡೆ ನೋಡಿದೆ. ಆಗ ಹೇಗೆ ಧೈರ್ಯ ಬಂತೋ, ನನ್ನ ಬಾಯಿಂದಲೇ ಮಾತು ಹೊರಟಿತು. "ಹೊಲಿಗೆ ಬಿಚ್ಚಿಕೊಡ್ತೀನಿ. ಅಂಚಿನ ಗಟ್ಟಿ ಬಟ್ಟೆಯಲ್ಲಿ ಒಂದೊಂದರಲ್ಲೂ ನಾಲ್ಕು ದಿಂಬಿನ ಚೀಲ ಆಗುತ್ತೆ. ದಿಂಬಿನ ನಡುವೆ ಗೆರೆ ಬರಲ್ಲ. ಉಳಿದದ್ದು ಒರೆಸೋ ಬಟ್ಟೆ."

ಮ್ಯಾನೇಜರು ಬೆಡ್‌ಶೀಟು ಇಳಿಸಿದ. "ನಾಲ್ಕಾ?" ಅಂದ.

ಜುಲೈ ೧೮, ಗುರುವಾರ

ಇಪ್ಪತ್ತೆರಡನ್ನೂ ಬಿಚ್ಚುತ್ತಾ ಕೂತಿದ್ದೇನೆ. ಬೆಳಿಗ್ಗೆ ಲಾರಿಗೆ ಓಡಿ ಹೋಗಿ ಓಡಿ ಬಂದೆ. "ಆರಾಮ. ಇನ್ನೂ ಇಲ್ಲ."

ನಾನು ಬರೆದ ಕಾಗದ ಈ ಸಲ ಒಂದೂವರೆ ಪುಟ. ಕೈ ನೋವು.

ಜುಲೈ ೨೨, ಸೋಮವಾರ

ಉಪವಾಸ. ದೀಪ ಹಚ್ಚಿ, ಮೊದಲನೇ ಕಂತಿನ ದಿಂಬಿನ ಚೀಲಗಳಲ್ಲಿ ಮ್ಯಾನೇಜರು ಯಾವ ಕೊಂಕೂ ತೆಗೆಯದಿರಲಿ ಅಂತ ಬೇಡಿಕೊಂಡೆ. ಅವನು ಒಂದೊಂದನ್ನೂ ಒಳಗೆ ಹೊರಗೆ ತಿರುಗಿಸಿ ನೋಡಿದ. ಎರಡು ಸಲ ಬಾಯಿ ತೆರೆದ, ಎರಡು ಸಲವೂ ಮುಚ್ಚಿದ. ಉಳಿದ ಎರಡು ಲಾಡ್ಜಿನವರಿಗೂ ಹೇಳುತ್ತಾನಂತೆ.

ದೇವರ ದಯೆ.

ಜುಲೈ ೨೯, ಸೋಮವಾರ

ಉಪವಾಸ. ಯಜಮಾನಿ ಕಿಟಕಿಯ ಹತ್ತಿರ ನನಗೆ ಮೇಜು ಹಾಕಿಸಿದ್ದಾಳೆ, ಮಷೀನಿಗೆ ಎಣ್ಣೆ ಬಿಡಿಸಿದ್ದಾಳೆ. "ಅಕ್ಕಾ, ಖಾಯಂ ಆಗಿ ಇದ್ದುಬಿಡಿ. ಬಾಣಂತಿ ಬಂದರೂ ನಿಮ್ಮ ಕೆಲಸ ಬೇರೆ, ಅವಳ ಕೆಲಸ ಬೇರೆ."

"ಇಲ್ಲಮ್ಮ. ನಾನು ಇವತ್ತೋ ನಾಳೆಯೋ ಹೋಗುವವಳು."

"ನೀವು ಎರಡು ತಿಂಗಳಿಂದ ಇವತ್ತೋ ನಾಳೆಯೋ ಹೋಗ್ತಾನೇ ಇದ್ದೀರಿ" ಅಂತ ಕಿರುಚಿ ಹೋದಳು.

ಮಧ್ಯಾಹ್ನ ಹೊಲಿಯುತ್ತಾ ಇವರ ನೆನಪು ಎಷ್ಟು ಬಂತು ಅಂದರೆ ದಾರ ಪೋಣಿಸಲಾಗಲಿಲ್ಲ. ಇವರ ಕೆಮ್ಮು, ಬಾಗಿಲಲ್ಲಿ ಬೂಟು ಕೊಡವುವ ಸದ್ದು, ಅನ್ನ ಬಿಸಿ ಇದ್ದರೆ ಊದುವಾಗ ಹುಬ್ಬು ಮೇಲೇರುವುದು. ಇದನ್ನೆಲ್ಲ ಕಾಗದದಲ್ಲಿ ಬರೆಯಲು ಸಾಧ್ಯವೇ. ಯಾರಾದರೂ ನೋಡಿದರೆ ನಗುತ್ತಾರೆ. ಈ ಕಿಟಕಿಯಿಂದ ಬೀದಿ ಕಾಣುತ್ತದೆ. ಇವರು ಆ ತಿರುವಿನಲ್ಲಿ ಬರುತ್ತಿದ್ದರೆ ಇಲ್ಲಿಂದಲೇ ಕಾಣುತ್ತಿತ್ತು.

ಆಗಸ್ಟ್ ೮, ಗುರುವಾರ

ಬಂತು! ಕಾಗದ ಬಂತು!

"ಕೋಣೆ ಸಿಕ್ಕಿತು. ನಂಬರ್ ಆರು. ಇಲ್ಲಿ ಕೆಲಸ ಇನ್ನು ಎಂಟು ತಿಂಗಳು, ಮುಂದೆ ಎಲ್ಲಿಗೋ ಗೊತ್ತಿಲ್ಲ. ಮುಂದಿನ ಗುರುವಾರ ಇದೇ ಲಾರಿಗೆ ಬಾ. ದಾರಿ ನೋಡುತ್ತಿರುತ್ತೇನೆ."

ದಾರಿ ನೋಡುತ್ತಿರುತ್ತೇನೆ ಅಂತ ಇಪ್ಪತ್ತೆಂಟು ವರ್ಷದಲ್ಲಿ ಇವರು ಬರೆದದ್ದು ಇದೇ ಮೊದಲು. ಗೇಟಿನ ಹತ್ತಿರವೇ ಅತ್ತುಬಿಟ್ಟೆ. ಡ್ರೈವರು ಗಾಬರಿಯಾಗಿ, "ಅತ್ತಿಗೆ, ಕೆಟ್ಟ ಸುದ್ದಿನಾ?" ಅಂದ.

"ಇಲ್ಲಪ್ಪ, ಕೋಣೆ ಸಿಕ್ಕಿದೆ."

"ಓ, ನಂಬರ್ ಆರಾ. ಮೇಲಿನ ಸಾಲಿನದ್ದು. ಚೆನ್ನಾಗಿದೆ, ಗಾಳಿ ಬೆಳಕು ಇದೆ. ಅರವತ್ತು ಮೆಟ್ಟಿಲು ಹತ್ತಬೇಕು ಅಷ್ಟೆ. ಅಣ್ಣನಿಗೆ ಸ್ವಲ್ಪ ಕಷ್ಟ, ನಾಲ್ಕು ಕಡೆ ಕೂತು ಕೂತು ಹತ್ತಬೇಕಾಗುತ್ತೆ."

"ಯಾಕೆ ಕೂತು?"

ಅವನು ಮೀಸೆ ಸವರಿಕೊಂಡ. "ನಿಮಗೆ ಬರೆದಿಲ್ವಾ? ಮಂಡಿ ಅತ್ತಿಗೆ. ಜೂನಿನಲ್ಲೇ ಜಾರಿ ಬಿದ್ದರು. ಮುರಿದಿಲ್ಲ, ಊದಿಕೊಳ್ತಾ ಇರುತ್ತೆ. ಈಗ ಸೇತುವೆ ಮೇಲೆ ಹತ್ತೋದಿಲ್ಲ, ಕೆಳಗೆ ಕೂತು ಕಂಬಿ ಬಗ್ಗಿಸ್ತಾರೆ. ನಾನು ಹೇಳಿದೆ ಅಂತ ಹೇಳಬೇಡಿ ಮತ್ತೆ."

ಜೂನಿನ ಕಾಗದಗಳನ್ನೆಲ್ಲ ತೆಗೆದು ನೋಡಿದೆ. ಆರಾಮ. ಆರಾಮ. ಕಾಗದ ಬಾರದ ಗುರುವಾರ ಒಂದಿತ್ತಲ್ಲ, ಆಗಲೇ ಬಿದ್ದಿರಬೇಕು.

ಆಗಸ್ಟ್ ೧೦, ಶನಿವಾರ

ಗಂಟು ಕಟ್ಟುತ್ತಿದ್ದೇನೆ. ಯಜಮಾನಿಗೆ ಹೇಳಿದೆ. ಅವಳು ಕಿರುಚಲಿಲ್ಲ. "ಒಳ್ಳೆಯದಾಯ್ತು ಅಕ್ಕಾ" ಅಂತ ಮೆಲ್ಲಗೆ ಅಂದಳು. ಅವಳ ಮೆಲ್ಲಗಿನ ದನಿ ಅದೇ ಮೊದಲು ಕೇಳಿದ್ದು. ಟೈಲರ್ ಹೆಂಡತಿ ಕೋಣೆಗೆ ಬೇರೆಯವರನ್ನು ನೋಡುತ್ತೇನೆ ಅಂದರು. ಅದಕ್ಕೆ ನನಗೆ ಯಾಕೆ ಸಿಟ್ಟು ಬಂತೋ ತಿಳಿಯದು. ಅವರ ಕೋಣೆ, ಅವರ ಇಷ್ಟ.

ಕ್ಯಾಂಪಿನಲ್ಲಿ ಕುಂಟುವವರಿಗೆ ಏನಾಗುತ್ತದೆ ಅಂತ ನನಗೆ ಗೊತ್ತು. ಮೊದಲು ಕೆಳಗಿನ ಕೆಲಸ, ಆಮೇಲೆ ಕಾವಲು, ಆಮೇಲೆ ಮುಂದಿನ ಕ್ಯಾಂಪಿನ ಪಟ್ಟಿಯಲ್ಲಿ ಹೆಸರೇ ಇರುವುದಿಲ್ಲ.

ಅಜ್ಜಿಗೆ ಇನ್ನೂ ಹೇಳಿಲ್ಲ.

ಆಗಸ್ಟ್ ೧೨, ಸೋಮವಾರ

ಉಪವಾಸ. ಇವತ್ತು ಹಾಲೂ ಕುಡಿಯಲಿಲ್ಲ. ದೇವರ ಮುಂದೆ ಕೂತು ಏನು ಕೇಳಬೇಕು ಅಂತಲೇ ತಿಳಿಯಲಿಲ್ಲ. ಇವರ ಹತ್ತಿರ ಹೋಗಬೇಕು ಅಂತ ಜೂನಿನಿಂದ ಬೇಡಿದ್ದೇನೆ, ಕೊಟ್ಟಿದ್ದಾನೆ. ಈಗ ಬೇರೆ ಕೇಳಿದರೆ ಅವನು ಏನೆಂದುಕೊಂಡಾನು.

ಅರವತ್ತು ಮೆಟ್ಟಿಲು. ಬೆಳಿಗ್ಗೆ ಇಳಿಯಬೇಕು, ಸಂಜೆ ಹತ್ತಬೇಕು.

ಆಗಸ್ಟ್ ೧೪, ಬುಧವಾರ

ಮಧ್ಯಾಹ್ನ ಮೇಜಿನ ಮೇಲೆಯೇ ಇವರಿಗೆ ಕಾಗದ ಬರೆದೆ. ಯಂತ್ರದ ಗಲಾಟೆಯಲ್ಲಿ ಏನು ಬರೆದೆನೋ. ನೆನಪಿದ್ದಷ್ಟು ಇಲ್ಲಿ ಇಟ್ಟುಕೊಳ್ಳುತ್ತೇನೆ.

"ಕೋಣೆ ಸಿಕ್ಕಿತು ಅಂತ ಓದಿ ಬೀದಿಯಲ್ಲೇ ಅತ್ತೆ. ನೀವು ಕರೆದಲ್ಲಿಗೆಲ್ಲ ಬಂದಿದ್ದೇನೆ, ಒಂದು ಸಲವೂ ಯಾಕೆ ಅಂತ ಕೇಳಿಲ್ಲ. ಇದೊಂದು ಸಲ ನಾನು ಕರೆಯುತ್ತೇನೆ, ನೀವು ಬನ್ನಿ. ಮಂಡಿಯ ವಿಷಯ ಗೊತ್ತಾಗಿದೆ. ಯಾರು ಹೇಳಿದರು ಅಂತ ಕೇಳಬೇಡಿ, ಯಾರನ್ನೂ ಬೈಯಬೇಡಿ. ಇಲ್ಲಿ ಕೋಣೆ ನೆಲಮಟ್ಟಕ್ಕಿದೆ, ಒಂದೇ ಮೆಟ್ಟಿಲು, ಅದೂ ಅರ್ಧ. ನಿಮಗೆ ಏನು ಕೆಲಸ ಸಿಗುತ್ತದೋ ಗೊತ್ತಿಲ್ಲ. ನಾನು ಬಂದಾಗ ನನಗೂ ಗೊತ್ತಿರಲಿಲ್ಲ. ನನಗೆ ಇರುವುದು ಇಬ್ಬರ ಊಟಕ್ಕೆ ಸಾಲುತ್ತದೆ. ಬರಲು ಮನಸ್ಸಿಲ್ಲದಿದ್ದರೆ ಆರಾಮ ಅಂತ ಮಾತ್ರ ಬರೆಯಬೇಡಿ. ದಾರಿ ನಾನೂ ನೋಡುತ್ತಿರುತ್ತೇನೆ."

ಸಿಟ್ಟಾಗುತ್ತಾರೆ. ಆಗಲಿ. ಸಿಟ್ಟು ಬಂದರೆ ಎರಡು ಸಾಲು ಹೆಚ್ಚಿಗೆ ಬರೆದಾರು.

ಯಜಮಾನಿಗೂ ಟೈಲರ್ ಹೆಂಡತಿಗೂ ನಾನು ಊರು ಬಿಡುವುದಿಲ್ಲ ಅಂತ ಹೇಳಿಬಿಟ್ಟೆ, ಕೋಣೆ ಇನ್ನೂ ಯಾರಿಗೂ ಕೊಟ್ಟಿಲ್ಲವಂತೆ. ನಾಳೆ ಬೆಳಿಗ್ಗೆ ಡಿಪೋಗೆ ನಾನು ಹೋಗುವುದಿಲ್ಲ. ಏಳು ಗಂಟೆಗೆ ಮೂರೂ ಲಾಡ್ಜಿನವರು ದಿಂಬಿನ ಚೀಲ ಒಯ್ಯಲು ಬರುತ್ತಾರೆ. ಅದೊಂದೇ ಅಲ್ಲ. ಲಾರಿ ಎದುರಿಗೆ ನಿಂತಿದ್ದರೆ ನಾನು ಹತ್ತಿಬಿಡುತ್ತೇನೆ. ನನ್ನ ಕಾಲಿನ ಮೇಲೆ ನನಗೆ ನಂಬಿಕೆ ಇಲ್ಲ.

ಸಂಜೆ ಡಿಪೋ ಗೇಟಿನವನ ಕೈಯಲ್ಲಿ ಡ್ರೈವರಿಗೆ ಅಂತ ಒಂದು ಚೀಟಿ ಕೊಟ್ಟು ಬಂದೆ. ಹಲ್ಲು ಕಿರಿಯುವ ಅವನ ಕೈಗೆ ಇವರ ಕಾಗದ ಕೊಡಲು ಮನಸ್ಸಾಗಲಿಲ್ಲ. ಚೀಟಿಯಲ್ಲಿ ಬರೆದದ್ದು:

"ಡ್ರೈವರಣ್ಣನಿಗೆ ನಮಸ್ಕಾರ. ನಾಳೆ ನನಗಾಗಿ ಜಾಗ ಇಡಬೇಡಿ. ಮುಂದಿನ ಬುಧವಾರ ಅಲ್ಲಿಂದ ಬರುವಾಗ ನಿಮ್ಮ ಪಕ್ಕದ ಸೀಟು ಖಾಲಿ ಇಟ್ಟುಕೊಳ್ಳಿ, ಕಾಲು ಚಾಚುವಷ್ಟು ಜಾಗ ಬೇಕು. ಬರುತ್ತಾರೋ ಇಲ್ಲವೋ, ಆದರೂ ಇಟ್ಟುಕೊಳ್ಳಿ. ಲಾಂಡ್ರಿ ನಿಮ್ಮ ಡಿಪೋದಿಂದ ಎರಡೇ ಬೀದಿ, ಕಿಟಕಿಯ ಹತ್ತಿರ ಕೂತಿರುತ್ತೇನೆ. ನಾಳೆ ಬೆಳಿಗ್ಗೆ ಎಂಟರೊಳಗೆ ಈ ಕಡೆ ನಡೆದು ಬಂದು, ಇವರಿಗೆ ನಾನು ಬರೆದ ಉತ್ತರ ತೆಗೆದುಕೊಂಡು ಹೋಗಿ."